ಮೂರನೇದಕ್ಕೆ ಜ್ವರ

೨೦೨೫ರ ಡಿಸೆಂಬರ್ ೧೬, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ತನುಜ ಚಿಂತಾಮಣಿಯ ಕಾಲೇಜೊಂದರ ಮೆಟ್ಟಿಲ ಮೇಲೆ ನಿಂತು ಜಂಗಮಕೋಟೆಗೆ ಫೋನ್ ಮಾಡಿದಳು. ಆ ದಿನ ಅಲ್ಲಿ ಭೌತವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗೆ ಅವಳು ಹೊರಗಿನ ಪರೀಕ್ಷಕಿ. ಸ್ವಲ್ಪ ಹೊತ್ತಿಗೆ ಫೋನನ್ನು ಕಚೇರಿಯ ಕಪಾಟಿನಲ್ಲಿಟ್ಟು ಒಳಗೆ ಹೋಗಬೇಕಿತ್ತು. ಫೋನಿನ ಪರದೆಯಲ್ಲಿ ಆರು ಸಾಲುಗಳಿದ್ದವು. ಐದು ಹಸಿರು, ಮೂರನೆಯದು ಕೆಂಪು. ಅದರ ಎದುರು ೮೮ ಡಿಗ್ರಿ ಎಂದಿತ್ತು.

"ಅತ್ತೆ, ಮೂರನೇದಕ್ಕೆ ಜ್ವರ ಬಂದಂಗಿದೆ. ಸ್ವಲ್ಪ ನೋಡ್ಕೊಳಿ," ಎಂದಳು.

"ನೋಡ್ಕೊತೀನಿ ಬಿಡಮ್ಮ. ನೀನು ಆ ಹುಡುಗ್ರನ್ನ ಫೇಲ್ ಮಾಡ್ಬೇಡ," ಎಂದು ಲಕ್ಷ್ಮಿದೇವಮ್ಮ ಫೋನಿಟ್ಟರು.

ಇಬ್ಬರೂ ಮಾತು ಅರ್ಥವಾಯಿತೆಂದೇ ತಿಳಿದರು.

ಲಕ್ಷ್ಮಿದೇವಮ್ಮನ ಹುಳುಮನೆ ಊರಾಚೆ ಹಿಪ್ಪುನೇರಳೆ ತೋಟದ ಅಂಚಿನಲ್ಲಿದೆ. ಮುಂದೆ ಜಗುಲಿ, ನಡುವೆ ರೇಷ್ಮೆ ಹುಳು ಸಾಕುವ ಉದ್ದನೆಯ ಹಜಾರ, ಹಿಂದೆ ಒಂದು ಸಣ್ಣ ಕೋಣೆ. ಆ ಕೋಣೆಯಲ್ಲಿ ನವೆಂಬರಿನಿಂದ ತನುಜಳ ಆರು ಕಂಪ್ಯೂಟರುಗಳಿದ್ದವು. ಅವುಗಳ ಬಿಸಿಯನ್ನು ಗೋಡೆಯ ಫ್ಯಾನೊಂದು ಹಜಾರಕ್ಕೆ ತಳ್ಳುತ್ತಿತ್ತು. ಚಳಿಗಾಲದಲ್ಲಿ ಹುಳುವಿಗೆ ಬೆಚ್ಚಗಿರಬೇಕು, ಯಂತ್ರಕ್ಕೆ ತಂಪಾಗಿರಬೇಕು. ಇದ್ದಿಲ ಒಲೆಯ ಖರ್ಚು ಉಳಿಯಿತೆಂದು ಅತ್ತೆಗೂ ಸಮಾಧಾನವಿತ್ತು.

ಯಂತ್ರಗಳ ಕೆಲಸವನ್ನು ತನುಜ ಮನೆಯವರಿಗೆ ಹಲವು ಸಲ ಹೇಳಿದ್ದಳು. ಬ್ಲಾಕ್‌ಚೈನ್ ಎಂದರೆ ಎಲ್ಲರ ಬಳಿಯೂ ಒಂದೇ ಪ್ರತಿ ಇರುವ ಲೆಕ್ಕ. ಒಂದು ವ್ಯವಹಾರ ನಡೆದರೆ ಅದನ್ನು ಜಾಲದ ಪ್ರತಿಯೊಂದು ಯಂತ್ರವೂ ಮತ್ತೆ ಕೂಡಿ ಕಳೆದು ನೋಡುತ್ತದೆ. ಹಾಗಾಗಿ ಅದು ನಿಧಾನ. ವೇಗ ಹೆಚ್ಚಿಸಲು ಒಂದು ಉಪಾಯವಿದೆ. ಸಾವಿರಾರು ವ್ಯವಹಾರಗಳ ಲೆಕ್ಕವನ್ನು ಒಂದೇ ಯಂತ್ರ ಮಾಡಿ, ಅದು ಸರಿಯಾಗಿದೆ ಎನ್ನುವುದಕ್ಕೆ ಗಣಿತದ ಚಿಕ್ಕ ಪುರಾವೆಯೊಂದನ್ನು ಕಟ್ಟಿಕೊಡುತ್ತದೆ. ಉಳಿದವರು ಪುರಾವೆಯನ್ನಷ್ಟೇ ನೋಡುತ್ತಾರೆ. ಕಟ್ಟುವುದು ಕಷ್ಟ, ಪರೀಕ್ಷಿಸುವುದು ಸುಲಭ. ಅದರಲ್ಲಿ ಶೂನ್ಯಜ್ಞಾನ ಪುರಾವೆ ಎಂಬ ಬಗೆಯದನ್ನು ನೋಡುವವರಿಗೆ ಒಳಗಿನ ವಿಷಯ ತಿಳಿಯುವುದೇ ಇಲ್ಲ, ಲೆಕ್ಕ ಸರಿ ಇದೆ ಎನ್ನುವುದೊಂದೇ ತಿಳಿಯುತ್ತದೆ. ಇಂಥ ಪುರಾವೆ ಕಟ್ಟುವ ಕೆಲಸ ಯಾವುದೋ ಒಂದು ಕಂಪನಿಯ ಕೈಯಲ್ಲೇ ಉಳಿಯಬಾರದೆಂದು ಅದನ್ನು ಬೇರೆ ಬೇರೆ ಊರುಗಳ, ಬೇರೆ ಬೇರೆ ಜನರ ಯಂತ್ರಗಳಿಗೆ ಹಂಚುವ ಜಾಲಗಳು ಹುಟ್ಟಿಕೊಂಡಿವೆ. ಅಂಥದ್ದೊಂದು ಜಾಲಕ್ಕೆ ತನುಜ ಸೇರಲು ಹೊರಟಿದ್ದಳು.

"ಗೂಡನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತೀರಲ್ಲ ಅತ್ತೆ, ಹಂಗೇ ಇದು," ಎಂದಿದ್ದಳು ಮೊದಲ ದಿನ. "ಒಳಗಿನ ಹುಳ ಸರಿಯಾಗಿದೆ ಅಂತ ಗೊತ್ತಾಗ್ತದೆ. ಗೂಡು ಕತ್ತರಿಸಲ್ಲ."

"ಹುಳ ತಿನ್ನೋ ಊಜಿ ನೊಣದ ಮರಿ ಹೊಕ್ಕಿದ್ರೂ ಒಳಗೆ ಅಲ್ಲಾಡ್ತದಲ್ಲಮ್ಮ?"

"ಅದಕ್ಕೇ ಒಂದ್ಸಲ ಅಲ್ಲಾಡಿಸಿ ಬಿಡಲ್ಲ. ಬೇರೆ ಬೇರೆ ಥರ ಅಲ್ಲಾಡಿಸಿ ನೋಡ್ತಾರೆ."

ಹೀಗೆ ಹುಳುವಿನ ಮಾತಿನಲ್ಲೇ ಯಂತ್ರಗಳ ಪಾಠ ನಡೆಯಿತು. ಜಗುಲಿಯ ಪೆಟ್ಟಿಗೆಯಿಂದ ಕೋಣೆಗೆ ಹೋಗುವ ಆರು ನೀಲಿ ವೈರುಗಳು ಕೆಲಸವನ್ನು ಒಳಗೆ ತರುತ್ತವೆ, ಮುಗಿದ ಪುರಾವೆಯನ್ನು ಹೊರಗೆ ಕಳಿಸುತ್ತವೆ. ಅವಕ್ಕೆ ಸೊಪ್ಪು ಎಂದು ಹೆಸರಿಟ್ಟಿದ್ದು ತನುಜಳೇ. ಯಂತ್ರ ಬಿಸಿಯಾದರೆ ಅದಕ್ಕೆ ಜ್ವರ ಎಂದದ್ದೂ ಅವಳೇ. ಆದರೆ ಆ ಮಾತನ್ನು ಅವಳು ಗೌರಿಬಿದನೂರಿನ ಭಾನುಪ್ರಕಾಶನ ಜೊತೆ ಬಳಸುತ್ತಿದ್ದಳೇ ಹೊರತು ಅತ್ತೆಗೆ ವಿವರಿಸಿರಲಿಲ್ಲ. ಭಾನುಪ್ರಕಾಶ್ ಅವಳ ಚಿಕ್ಕಪ್ಪನ ಮಗ. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಯಂತ್ರಗಳಲ್ಲಿ ಅವನದೂ ಪಾಲಿದೆ.

ಜಾಲದವರು ಹೊಸಬರನ್ನು ಮೂವತ್ತು ದಿನ ಪರೀಕ್ಷಿಸುತ್ತಾರೆ. ಕೊಟ್ಟ ಕೆಲಸಗಳಲ್ಲಿ ಒಂದೂ ಗಡುವು ಮೀರಬಾರದು. ಮೀರಿದರೆ ಆರು ತಿಂಗಳು ಬಾಗಿಲು ಮುಚ್ಚಿದಂತೆ. ಮಾವ ಎರ್ರಪ್ಪ ಅದಕ್ಕೆ ತಮ್ಮದೊಂದು ಷರತ್ತು ಸೇರಿಸಿದ್ದರು. ಜನವರಿಯಿಂದ ಆ ಕೋಣೆಯಲ್ಲಿ ಮರಿಹುಳು ಸಾಕಬೇಕೆಂಬುದು ಅವರ ಯೋಚನೆ. "ನಿನ್ ಪರೀಕ್ಷೆ ಪಾಸಾದ್ರೆ ರೂಮು ನಿಂದು. ಫೇಲಾದ್ರೆ ನಂದು. ಆಮೇಲೆ ಮೂತಿ ಊದಿಸ್ಕೋಬಾರ್ದು," ಎಂದಿದ್ದರು. ಡಿಸೆಂಬರ್ ೧೬ ಮೂವತ್ತನೆಯ ದಿನ. ಮೂರನೇ ಯಂತ್ರಕ್ಕೆ ಆ ಬೆಳಿಗ್ಗೆ ಬಂದದ್ದು ಪರೀಕ್ಷೆಯ ಕೊನೆಯ ಕೆಲಸ, ಹನ್ನೊಂದೂವರೆಗೆ ಮುಗಿಯಬೇಕಾದದ್ದು.

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಈ ಕಡೆಯವರು ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ಗಾಳಿ ನುಗ್ಗಿಸುವುದಿಲ್ಲ. ಎಲ್ಲ ಎದ್ದ ಮೇಲೆಯೇ ಮತ್ತೆ ಸೊಪ್ಪು. ಹಿಂದಿನ ಸಂಜೆಯಿಂದ ಹಜಾರದ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಗಾಳಿ ಬೇಡವೆಂದು ಲಕ್ಷ್ಮಿದೇವಮ್ಮ ಗೋಡೆಯ ಫ್ಯಾನನ್ನು ಆರಿಸಿದ್ದರು. ಯಂತ್ರ ಬಿಸಿಯಾದದ್ದು ಅದರಿಂದಲೇ. ಕೋಣೆಯ ಗಾಳಿಯನ್ನು ಹೊರಗಡೆಗೆ ಎಳೆಯುವ ಇನ್ನೊಂದು ಫ್ಯಾನಿತ್ತು, ಅದರ ಗುಂಡಿ ಜಗುಲಿಯಲ್ಲಿತ್ತು. ತನುಜ ನೋಡಿಕೊಳ್ಳಿ ಎಂದದ್ದು ಅದನ್ನು ಹಾಕಿ ಎಂದು.

ಲಕ್ಷ್ಮಿದೇವಮ್ಮ ಜಗುಲಿಗೆ ಹೋಗಿ, ಮೂರನೇ ನೀಲಿ ವೈರನ್ನು ಕಿತ್ತು, ಸುತ್ತಿ, ಮೊಳೆಗೆ ನೇತುಹಾಕಿದರು. ಅದು ಏಳುವ ತನಕ ಯಾರೂ ಮುಟ್ಟಕೂಡದೆಂದು ಎರ್ರಪ್ಪನಿಗೂ ಹೇಳಿದರು.

ಹನ್ನೊಂದು ಗಂಟೆ ದಾಟಿದ ಮೇಲೆ ಕಚೇರಿಯ ಗುಮಾಸ್ತ ಕೋನಪ್ಪ ಪ್ರಯೋಗಾಲಯದ ಬಾಗಿಲಿಗೆ ಬಂದರು.

"ಮೇಡಂ, ಆಫೀಸಿಗೆ ಫೋನ್ ಬಂದೈತೆ. ಗೌರಿಬಿದನೂರಿಂದ ನಿಮ್ಮ ತಮ್ಮನಂತೆ. ಜ್ವರ ಜ್ವರ ಅಂತಾರೆ. ಯಾರಿಗೆ ಅಂದ್ರೆ ಮೂರನೇದಕ್ಕೆ ಅಂತಾರೆ. ನಿಮಗೆ ಮಕ್ಕಳು ಎಷ್ಟು ಮೇಡಂ?"

"ಒಂದೇ," ಎಂದು ತನುಜ ಜೊತೆಯ ಪರೀಕ್ಷಕರಿಗೆ ಹೇಳಿ ಎದ್ದಳು.

ಭಾನುಪ್ರಕಾಶ್ ಮಾತು ಸುತ್ತಿಸಲಿಲ್ಲ. "ಅಕ್ಕ, ಮೂರನೇದು ಒಂಬತ್ತೂಮುಕ್ಕಾಲು ಆದ್ಮೇಲೆ ಕಾಣ್ತಾನೇ ಇಲ್ಲ. ನಿಮ್ಮತ್ತೆಗೆ ಫೋನ್ ಮಾಡ್ದೆ. ತನುಜ ಬಿಟ್ಟು ಇನ್ಯಾರು ಹೇಳಿದ್ರೂ ಮುಟ್ಟಲ್ಲ ಅಂದ್ಬಿಟ್ರು. ಸುನೀಲ್ ಭಾವ ಯಾವ್ದೋ ಹಳ್ಳೀಲಿ ಹಸು ಹೆರಿಗೆ ಮಾಡಿಸ್ತಾ ಇದಾರೆ, ಫೋನ್ ಸಿಗ್ತಿಲ್ಲ." ತನುಜಳ ಗಂಡ ಸುನೀಲ್ ದನದ ಡಾಕ್ಟರು.

"ಕೆಲಸ ಮುಗಿದಿದೆಯಾ?"

"ಅದು ನಂಗೆ ಹೆಂಗೆ ಗೊತ್ತಾಗುತ್ತೆ? ವೈರಿಲ್ಲದೆ ಲೆಕ್ಕ ಮಾಡ್ತಾ ಇರಬಹುದು. ಬಿಸಿಗೆ ನಿಂತೂ ಹೋಗಿರಬಹುದು."

ತನುಜಳ ಫೋನಿದ್ದ ಕಪಾಟಿನ ಕೀಲಿ ಸೂಪರಿಂಟೆಂಡೆಂಟರ ಜೇಬಿನಲ್ಲಿತ್ತು. ಅವರು ಹೊರಗೆ ಹೋಗಿದ್ದರು. ಅವಳು ಕಚೇರಿಯ ಫೋನಿನಿಂದಲೇ ಜಂಗಮಕೋಟೆಗೆ ಮಾಡಿದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹದಿನಾಲ್ಕು.

"ಅತ್ತೆ, ನಾನು ತನುಜ. ಮೂರನೇ ವೈರು ತೆಗ್ದಿದೀರಾ?"

"ಯಾವ ತನುಜ?" ಎಂದರು ಲಕ್ಷ್ಮಿದೇವಮ್ಮ.

"ನಿಮ್ಮ ಸೊಸೆ ಅತ್ತೆ."

"ನನ್ನ ಸೊಸೆ ಫೋನಿಗೆ ಅವಳ ಫೋಟೋ ಬರ್ತದೆ. ಇದಕ್ಕೆ ಬರಿ ನಂಬರು ಬಂದೈತೆ."

"ನನ್ನ ಫೋನು ಕಪಾಟಲ್ಲಿದೆ. ಇದು ಕಾಲೇಜಿಂದು. ದನಿ ಗೊತ್ತಾಗಲ್ವಾ?"

"ದನಿ ಈಗ ಮಿಷಿನ್ನೂ ಮಾಡ್ತದಂತೆ. ನನ್ನ ಸೊಸೇನೇ ಹೇಳವ್ಳೆ."

ಇದು ನಿಜ. ಹಿಂದಿನ ತಿಂಗಳು ಪಕ್ಕದ ಊರಿನವರೊಬ್ಬರು ಮಗನ ದನಿಯಲ್ಲಿ ಬಂದ ಫೋನು ನಂಬಿ ಮೋಸಹೋಗಿದ್ದರು. ಆಗ ತನುಜ ಡೇರಿಯ ಮುಂದೆ ಹೆಂಗಸರನ್ನು ಕೂರಿಸಿ, ಗೊತ್ತಿಲ್ಲದ ನಂಬರಿನಿಂದ ತನ್ನದೇ ದನಿ ಬಂದರೂ ನಂಬಬೇಡಿ, ಇಬ್ಬರಿಗೇ ಗೊತ್ತಿರುವುದನ್ನು ಕೇಳಿ ಎಂದು ಹೇಳಿದ್ದಳು. ಲಕ್ಷ್ಮಿದೇವಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು.

"ಹಂಗಾದ್ರೆ ಹೇಳು," ಎಂದರು ಈಗ. "ಮೊನ್ನೆ ಭಾನುವಾರ ಸಾಯಂಕಾಲ ನಾನು ಏನ್ ಮಾಡ್ದೆ?"

ತನುಜ ಬಾಯಿ ತೆರೆದಳು. ಆ ಕಡೆ ಯಾರೋ ಕೆಮ್ಮಿದ್ದು ಕೇಳಿಸಿತು.

"ಸ್ಪೀಕರ್ ಹಾಕಿದೀರಾ ಅತ್ತೆ?"

"ಹಾಕ್ದಿದ್ರೆ ನಂಗೆ ಕೇಳಲ್ಲ."

"ಮಾವ ಅಲ್ಲೇ ಇದಾರಾ?"

"ಇಲ್ಲೇ ಅವ್ರೆ, ಕಡಲೆಕಾಯಿ ಸುಲೀತಾ."

ಭಾನುವಾರ ಸಂಜೆ ಲಕ್ಷ್ಮಿದೇವಮ್ಮ ಕೆರೆಯಂಚಿನ ದಾರಿಯಲ್ಲಿ ತನುಜಳ ಸ್ಕೂಟರ್ ಕಲಿಯುತ್ತಾ ಪಕ್ಕದ ಗದ್ದೆಗೆ ಬಿದ್ದಿದ್ದರು. ಅದಕ್ಕೆ ಮೂರು ವಾರ ಮೊದಲು ನೆಂಟರ ಮನೆಯ ನಿಶ್ಚಿತಾರ್ಥದಲ್ಲಿ, ಎಲ್ಲರ ಎದುರು, "ಇವಳು ಗಾಡಿ ಓಡಿಸಿದ್ ದಿವಸ ನಾನು ವಿಮಾನ ಓಡಿಸ್ತೀನಿ," ಎಂದು ಎರ್ರಪ್ಪ ನಗಿಸಿದ್ದರು. ಒಂದು ದಿನ ಅವರು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಿಂತಿರುವಾಗ ಎದುರಿಗೇ ಸ್ಕೂಟರ್ ತಂದು ನಿಲ್ಲಿಸಬೇಕೆಂಬುದು ಲಕ್ಷ್ಮಿದೇವಮ್ಮನ ಸಂಕಲ್ಪ. ಅಲ್ಲಿಯವರೆಗೆ ಯಾರಿಗೂ ಹೇಳಬಾರದೆಂದು ಸೊಸೆಯಿಂದ ಭಾಷೆ ತೆಗೆದುಕೊಂಡಿದ್ದರು. ಹೇಳಿದರೆ ಕೋಣೆ ಉಳಿಯುತ್ತಿತ್ತು, ಆ ಸಂಕಲ್ಪ ಉಳಿಯುತ್ತಿರಲಿಲ್ಲ.

ತನುಜ ಗಡಿಯಾರ ನೋಡಿದಳು. ವಿಷಯವನ್ನು ಹೇಳದೆ, ವಿಷಯ ತನಗೆ ಗೊತ್ತೆಂದು ತೋರಿಸಬೇಕು. ಕೇಳುವವರು ಇಬ್ಬರು. ಒಬ್ಬರಿಗೆ ನಂಬಿಕೆ ಬರಬೇಕು, ಇನ್ನೊಬ್ಬರಿಗೆ ಏನೂ ತಿಳಿಯಬಾರದು.

"ಅತ್ತೆ, ಅದನ್ನ ಬಾಯ್ಬಿಟ್ಟು ಹೇಳಕ್ಕಾಗಲ್ಲ. ನೀವು ಅದೋ ಇದೋ ಅಂತ ಕೇಳಿ. ನಾನು ಒಂದೊಂದೇ ಮಾತು ಹೇಳ್ತೀನಿ. ಎಷ್ಟು ಸಲ ಬೇಕಾದ್ರೂ ಕೇಳಿ. ಬೇಗ ಕೇಳಿ."

"ಬೇಗ ಬೇಗ ಅನ್ನೋರೇ ಕಳ್ರು ಅಂತಾನೂ ಹೇಳಿದ್ಲು ನನ್ ಸೊಸೆ," ಎಂದು ಲಕ್ಷ್ಮಿದೇವಮ್ಮ ಗೊಣಗಿದರು. ಆಮೇಲೆ, "ಎಡಕ್ಕೋ ಬಲಕ್ಕೋ?" ಎಂದರು.

ಬಿದ್ದದ್ದು ಎಡಕ್ಕೆ. "ಎಡಕ್ಕೆ."

"ಹಸೀದೋ ಒಣಗಿದ್ದೋ?"

ಆ ಹೊತ್ತಿಗೆ ಗದ್ದೆಗೆ ನೀರು ಬಿಟ್ಟಿದ್ದರು. "ಹಸಿ."

"ಏಮೇ ಇದಿ, ಗಿಣಿಶಾಸ್ತ್ರಾನಾ?" ಎಂದು ತೆಲುಗು ಬೆರೆಸಿ ಇದೇನೆಂದು ಕೇಳಿದ ಎರ್ರಪ್ಪನ ದನಿ ಬಂತು.

"ನೀವು ಕಡಲೆಕಾಯಿ ಸುಲೀರಿ. ಯಾರಮ್ಮ ಮೊದ್ಲು ನಕ್ಕಿದ್ದು, ನಾನೋ ನೀನೋ?"

"ನೀವು."

ಕೋನಪ್ಪ ರಿಜಿಸ್ಟರಿನಿಂದ ತಲೆ ಎತ್ತಿ ನೋಡಿದರು. ತನುಜ ಮನಸ್ಸಿನಲ್ಲಿ ಎಣಿಸುತ್ತಿದ್ದಳು. ಏನೂ ಗೊತ್ತಿಲ್ಲದವನು ಊಹಿಸಿ ಹೇಳಿದರೆ ಒಂದು ಪ್ರಶ್ನೆಗೆ ಎರಡರಲ್ಲಿ ಒಂದು ಪಾಲು ಸರಿಯಾದೀತು. ಎರಡಕ್ಕೆ ನಾಲ್ಕರಲ್ಲಿ ಒಂದು, ಮೂರಕ್ಕೆ ಎಂಟರಲ್ಲಿ ಒಂದು. ಪ್ರತಿ ಪ್ರಶ್ನೆಗೂ ಅನುಮಾನ ಅರ್ಧವಾಗುತ್ತದೆ. ಆದರೆ ಪೂರ್ತಿ ಸೊನ್ನೆ ಎಂದೂ ಆಗುವುದಿಲ್ಲ. ಎಲ್ಲಿಗೆ ಬಂದಾಗ ಸಾಕೆನ್ನಬೇಕು ಎನ್ನುವುದು ಪರೀಕ್ಷಿಸುವವರ ಇಷ್ಟ. ಜಾಲದವರು ಅದನ್ನು ಮೊದಲೇ ನಿಗದಿ ಮಾಡಿರುತ್ತಾರೆ. ಅತ್ತೆ ಮಾಡಿರಲಿಲ್ಲ.

"ಹಸಿರೋ ನೀಲೀನೋ?"

ಕೆಸರಾದ ಸೀರೆ ನೀಲಿಯದು. "ನೀಲಿ."

"ಹೋಗ್ತಾನೋ ಬರ್ತಾನೋ?"

"ಬರ್ತಾ."

ಹನ್ನೊಂದು ಇಪ್ಪತ್ತು. ಮೂವತ್ತೆರಡರಲ್ಲಿ ಒಂದು.

"ಒಂದೋ ಎರಡೋ?"

ಬಿದ್ದಾಗ ಒಡೆದ ಬಳೆಗಳ ಲೆಕ್ಕವದು, ಚೂರನ್ನು ಎತ್ತಿ ಬದಿಗೆಸೆದದ್ದು ತನುಜಳೇ. "ಒಂದು," ಎಂದಳು.

ಕಡಲೆಕಾಯಿ ಸಿಪ್ಪೆಯ ಸದ್ದು ನಿಂತಿತು.

"ಎರಡು," ಎಂದರು ಲಕ್ಷ್ಮಿದೇವಮ್ಮ. ದನಿ ಬೇರೆಯಾಗಿತ್ತು. "ಯಾರು ನೀನು?"

ಪರೀಕ್ಷೆಯಲ್ಲಿ ಒಂದು ಉತ್ತರ ತಪ್ಪಿದರೂ ಹಿಂದಿನ ಐದಕ್ಕೆ ಬೆಲೆಯಿಲ್ಲ. ನಿಜವಾಗಿ ಗೊತ್ತಿದ್ದವರು ಒಂದನ್ನೂ ತಪ್ಪುವುದಿಲ್ಲ. ಅತ್ತೆಯ ಜಾಗದಲ್ಲಿ ತಾನೇ ಇದ್ದಿದ್ದರೂ ಇದನ್ನೇ ಕೇಳುತ್ತಿದ್ದೆ ಎಂದು ತನುಜಳಿಗೆ ಅನ್ನಿಸಿತು. ಎರಡು ಎಂದು ತಿದ್ದಿಕೊಳ್ಳುವುದು ಸುಲಭವಿತ್ತು. ಅವಳು ತಿದ್ದಿಕೊಳ್ಳಲಿಲ್ಲ.

"ನಾನು ನೋಡಿದ್ದು ಒಂದೇ ಅತ್ತೆ. ಒಂದೇ ಎತ್ತಿ ಎಸೆದಿದ್ದು."

ಮುಳ್ಳು ಇನ್ನೊಂದು ಗೆರೆ ದಾಟಿತು. ಕೋನಪ್ಪ ಒಂದು ಲೋಟ ನೀರು ತಂದು ಮುಂದಿಟ್ಟರು.

"ಹೂಂ," ಎಂದರು ಲಕ್ಷ್ಮಿದೇವಮ್ಮ ಕೊನೆಗೆ. "ಇನ್ನೊಂದು ನಾನು ಮನೇಗೆ ಬಂದ್ಮೇಲೆ ನೋಡ್ಕೊಂಡಿದ್ದು. ಅದು ನಿಂಗೆ ಹೆಂಗೆ ಗೊತ್ತಾಗ್ಬೇಕು? ಎರಡು ಅಂದಿದ್ರೆ ಫೋನಿಟ್ಟುಬಿಡ್ತಿದ್ದೆ. ಹೇಳು ಕಣಮ್ಮ, ಏನು?"

ಹನ್ನೊಂದು ಇಪ್ಪತ್ತಮೂರು.

"ಮೂರನೇ ವೈರು ಮತ್ತೆ ಹಾಕಿ ಅತ್ತೆ."

"ಜ್ವರದಲ್ಲಿ ಐತೆ ಅಂದ್ಯಲ್ಲ. ಸೊಪ್ಪು ನಿಲ್ಲಿಸಿವ್ನಿ. ಈಗ ಹಾಕಿದ್ರೆ ಕೆಡಲ್ವಾ?"

ಬೆಳಿಗ್ಗೆ ತಾನು ಆಡಿದ ಮಾತು ಜಂಗಮಕೋಟೆಯಲ್ಲಿ ಏನಾಗಿ ಕೇಳಿಸಿತ್ತು ಎನ್ನುವುದು ತನುಜಳಿಗೆ ಗೊತ್ತಾದದ್ದು ಆಗ. ಯಂತ್ರದ ಜ್ವರ ಬೇರೆ, ಹುಳುವಿನ ಜ್ವರ ಬೇರೆ ಎಂದು ವಿವರಿಸಲು ಹೊತ್ತಿರಲಿಲ್ಲ.

"ಎದ್ದಿದೆ ಅತ್ತೆ. ಜ್ವರದಿಂದ ಎದ್ದಿದೆ. ಸೊಪ್ಪು ಹಾಕಿ, ಹಂಗೇ ಹೊರಗಡೆ ಫ್ಯಾನ್ ಗುಂಡೀನೂ ಒತ್ತಿ."

ಎದ್ದಿದೆಯೋ, ಒಳಗೇ ಕೆಟ್ಟು ಕೂತಿದೆಯೋ ಅವಳಿಗೆ ಗೊತ್ತಿರಲಿಲ್ಲ. ಆ ಬೆಳಿಗ್ಗೆ ಅವಳು ಪುರಾವೆಯಿಲ್ಲದೆ ಹೇಳಿದ ಮಾತು ಅದೊಂದೇ. ಅದನ್ನು ಅತ್ತೆ ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದರು.

ಚಪ್ಪಲಿಯ ಸದ್ದು, ಬಾಗಿಲ ಸದ್ದು. ಫೋನು ಎರ್ರಪ್ಪನ ಕೈಗೆ ಬಂದಿತ್ತು. "ಹಾಕಿದ್ಲು," ಎಂದರು ಅವರು. "ದೀಪ ಮಿಣುಕ್ತಾ ಐತೆ. ಹಳದಿ. ಈಗ ಹಸಿರು." ತಮ್ಮ ಕೋಣೆ ಕೈತಪ್ಪುವ ಸುದ್ದಿಯನ್ನು ತಾವೇ ಹೇಳುತ್ತಿರುವುದು ಅವರ ಗಮನಕ್ಕೆ ಬಂದಂತಿರಲಿಲ್ಲ.

ಅವಳು ಫೋನಿಟ್ಟು ಕಾದಳು. ಹನ್ನೊಂದು ಇಪ್ಪತ್ತೇಳಕ್ಕೆ ಅದೇ ಫೋನು ಬಡಿದುಕೊಂಡಿತು.

"ಅಕ್ಕ, ಹೋಯ್ತು," ಎಂದ ಭಾನುಪ್ರಕಾಶ್. "ಲೆಕ್ಕ ಯಾವಾಗ್ಲೋ ಮುಗಿಸ್ಕೊಂಡು ಕೂತಿತ್ತು. ಬಿಸಿಗೆ ನಿಧಾನ ಆಗಿದೆ ಅಷ್ಟೇ. ವೈರು ಸಿಕ್ಕಿದ ತಕ್ಷಣ ಕಳಿಸ್ತು. ತಗೊಂಡ್ರು."

ತನುಜ ನೀರು ಕುಡಿದು, ಲೋಟ ತೊಳೆದಿಟ್ಟು, ಪರೀಕ್ಷೆಗೆ ವಾಪಸು ಹೋದಳು. ಅಲ್ಲಿ ಒಬ್ಬ ವಿದ್ಯಾರ್ಥಿ ಲೋಲಕದ ಇಪ್ಪತ್ತು ಆಂದೋಲನಗಳನ್ನು ಎಣಿಸುವ ಬದಲು ಹತ್ತನ್ನು ಎಣಿಸಿ ಎರಡರಿಂದ ಗುಣಿಸಿದ್ದ. ಅವಳು ಅವನನ್ನು ಮತ್ತೆ ಎಣಿಸಲು ಹೇಳಿದಳು.

ಸಂಜೆ ಅವಳು ಜಂಗಮಕೋಟೆ ತಲುಪಿದಾಗ ಹಜಾರದಲ್ಲಿ ಹುಳುಗಳು ಎದ್ದಿದ್ದವು. ಹೊಸ ಸೊಪ್ಪು ಬಿದ್ದಿತ್ತು, ಸಣ್ಣ ಮಳೆಯಂಥ ತಿನ್ನುವ ಸದ್ದು ಶುರುವಾಗಿತ್ತು. ಎರ್ರಪ್ಪ ಜಗುಲಿಯಲ್ಲಿ ಕೂತಿದ್ದರು.

"ಪಾಸಂತೆ. ರೂಮು ಇಟ್ಕೊ," ಎಂದರು. "ಮರಿಹುಳಕ್ಕೆ ದನದ ಕೊಟ್ಟಿಗೆ ಪಕ್ಕ ಗೋಡೆ ಎಬ್ಬಿಸ್ತೀನಿ. ಆದ್ರೆ ಒಂದು ಹೇಳು. ಬೆಳಿಗ್ಗೆ ಅತ್ತೆ ಸೊಸೆ ಸೇರಿ ನಡೆಸಿದ್ದೇನದು?"

"ನಾನು ನಾನೇ ಅಂತ ತೋರಿಸ್ಬೇಕಿತ್ತು ಮಾವ."

"ಎಡ, ಹಸಿ, ನೀಲಿ. ಇಷ್ಟು ನಾನೂ ಕೂತ್ಕೊಂಡು ಹೇಳ್ತಿದ್ದೆ. ಹಿಂದೆ ಮುಂದೆ ಇಲ್ಲ. ಅದ್ರಲ್ಲಿ ಏನೈತೆ?"

"ಏನೂ ಇಲ್ಲ," ಎಂದಳು ತನುಜ.

ಅದು ಸರಿ ಉತ್ತರವಾಗಿತ್ತು. ಹೊರಗಿನವನು ತಾನೇ ಕೂತು ಕಟ್ಟಬಹುದಾದಂಥ ಮಾತುಕತೆಯಿಂದ ಅವನಿಗೆ ಹೊಸದೇನೂ ಸಿಕ್ಕಿರುವುದಿಲ್ಲ. ಶೂನ್ಯಜ್ಞಾನ ಎನ್ನುವುದರ ವ್ಯಾಖ್ಯೆಯೇ ಅದು. ಅದನ್ನು ಅವಳು ಎಂ.ಎಸ್ಸಿ. ಮುಗಿಸಿದ ಮೇಲೆ ತಾನಾಗಿ ಓದಿ, ಎರಡು ವಾರ ತಲೆಕೆಡಿಸಿಕೊಂಡು ಅರ್ಥ ಮಾಡಿಕೊಂಡಿದ್ದಳು.

ಒಳಗಿನಿಂದ ಲಕ್ಷ್ಮಿದೇವಮ್ಮ ಬಂದರು. ಎಡಗೈಯಲ್ಲಿ ಹೊಸ ಬಳೆಗಳಿದ್ದವು. "ಇನ್ಮೇಲೆ ನಿನ್ ಮಿಷಿನ್ನಿಗೆ ಬಿಸಿ ಅನ್ನು. ಜ್ವರ ನಮ್ದು," ಎಂದರು.

"ಆಯ್ತು ಅತ್ತೆ."

"ಅದ್ಸರಿ, ನಂಗೆ ಅಷ್ಟು ಹೊತ್ತಾಯ್ತಲ್ಲ. ಆ ನಿಮ್ ಜಾಲದೋರು ಎಷ್ಟು ಹೊತ್ತು ನೋಡಿದ್ರಂತೆ, ಸರಿ ಐತೆ ಅನ್ನಕ್ಕೆ?"

ತನುಜ ಫೋನು ತೆಗೆದು ಮೂರನೇ ಯಂತ್ರದ ಸಾಲನ್ನು ಒತ್ತಿದಳು. ಅತ್ತೆಗೆ ಹಿಡಿದದ್ದು ಒಂಬತ್ತು ನಿಮಿಷ. ಮೂರನೇ ಯಂತ್ರ ಬೆಳಗ್ಗಿನಿಂದ ಕಟ್ಟಿದ್ದ ಪುರಾವೆಯನ್ನು ಜಾಲ ಪರೀಕ್ಷಿಸಿ ಒಪ್ಪಿಕೊಳ್ಳಲು ತೆಗೆದುಕೊಂಡಿದ್ದು ಹನ್ನೊಂದು ಮಿಲಿಸೆಕೆಂಡು.